ಹೈಡ್ರೋಪೋನಿಕ್ಸ್ ಟ್ಯಾಂಕಿಗೆ ಯಾವ ಪಂಪು, ಎಷ್ಟು ದೊಡ್ಡ ಚಿಲ್ಲರ್? ದುಡ್ಡು ಹಾಕುವ ಮುಂಚೆ ಮಾಡಬೇಕಾದ ಲೆಕ್ಕ

ನಮ್ಮ ಕೋಲಾರ ಜಿಲ್ಲೆಯವರಿಗೆ ಪಂಪಿನ ಬಗ್ಗೆ ಪಾಠ ಹೇಳೋದು ಮೀನಿಗೆ ಈಜು ಕಲಿಸಿದ ಹಾಗೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೆ ಎಷ್ಟು ಎಚ್‌ಪಿ ಮೋಟರ್, ಎಷ್ಟು ಸ್ಟೇಜ್ ಇಳಿಸಬೇಕು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಆದರೆ ಪಾಲಿಹೌಸ್ ಒಳಗೆ ಲೆಟ್ಯೂಸ್, ತುಳಸಿ ಜಾತಿಯ ಬೇಸಿಲ್ ಬೆಳೆಯುವ ಹೈಡ್ರೋಪೋನಿಕ್ಸ್ ಟ್ಯಾಂಕಿಗೆ ಬಂದಾಗ ಇದೇ ಅನುಭವ ಅಡ್ಡ ಬರುತ್ತೆ. ಬೋರ್‌ವೆಲ್ ನೀರನ್ನು ನೂರಾರು ಅಡಿ ಮೇಲಕ್ಕೆ ಎತ್ತುತ್ತೆ. ಇಲ್ಲಿ ನೀರು ಏರೋದು ಬರೀ ಆರೇಳು ಅಡಿ, ಆದರೆ ದಿನದ 24 ಗಂಟೆಯೂ ಸುತ್ತುತ್ತಲೇ ಇರಬೇಕು. "ಇರಲಿ, ದೊಡ್ಡದೇ ಹಾಕೋಣ" ಅಂತ 1 ಎಚ್‌ಪಿ ಪಂಪು ತಂದರೆ ಕರೆಂಟ್ ಬಿಲ್ ಏರುತ್ತೆ, ಜೊತೆಗೆ ಟ್ಯಾಂಕಿನ ನೀರೂ ಬಿಸಿಯಾಗುತ್ತೆ. ಆ ನೀರನ್ನು ತಣ್ಣಗೆ ಮಾಡೋಕೆ ಮತ್ತೆ ದೊಡ್ಡ ಚಿಲ್ಲರ್ ಬೇಕಾಗುತ್ತೆ.

ಮಾಲೂರಿನಲ್ಲಿ ಬೆಳಿಗ್ಗೆ ಕೊಯ್ದ ಸೊಪ್ಪು ಅದೇ ದಿನ ಬೆಂಗಳೂರು ತಲುಪುತ್ತೆ. ಅದಕ್ಕೇ ಈ ಬೆಳೆಯ ಮೇಲೆ ಯುವಕರಿಗೆ ಆಸೆ. ಚಳಿಗಾಲದಲ್ಲಿ ಚೆನ್ನಾಗಿ ಬಂದ ಲೆಟ್ಯೂಸ್ ಮಾರ್ಚ್ ಕೊನೆಗೆ ಬೇರು ಕಂದಾಗಿ, ಲೋಳೆ ಹಿಡಿದು, ಒಂದೇ ವಾರದಲ್ಲಿ ಮಲಗಿಬಿಟ್ಟರೆ ಆಸೆಯೂ ಅಲ್ಲಿಗೇ ಮುಗಿಯುತ್ತೆ. ಆಗ ಗಾಬರಿಯಲ್ಲಿ ಚಿಲ್ಲರ್ ಅಂಗಡಿಗೆ ಫೋನ್ ಮಾಡ್ತೀವಿ. ಅಂಗಡಿಯವರು "ಟ್ಯಾಂಕ್ ಎಷ್ಟು ಲೀಟರ್?" ಅಂತ ಒಂದೇ ಪ್ರಶ್ನೆ ಕೇಳಿ ಒಂದು ಮಾಡೆಲ್ ಹೇಳಿಬಿಡ್ತಾರೆ. ಲೀಟರ್ ಒಂದರಿಂದ ಉತ್ತರ ಸಿಗೋದಿಲ್ಲ. ಪಂಪು ಆರಿಸೋದು ಹೆಡ್ ನೋಡಿ. ಚಿಲ್ಲರ್ ಆರಿಸೋದು ನಿಮ್ಮ ನೀರು ಗಂಟೆಗೆ ಎಷ್ಟು ಡಿಗ್ರಿ ಏರುತ್ತೆ ಅನ್ನೋದನ್ನು ನೋಡಿ. ಎರಡನ್ನೂ ನೀವೇ ಅಳೆಯಬಹುದು. ಬೇಕಾಗೋದು ಒಂದು ಟೇಪು, ಒಂದು ಥರ್ಮಾಮೀಟರ್, ನಿಮ್ಮ ಮೊಬೈಲಿನ ಕ್ಯಾಲ್ಕ್ಯುಲೇಟರ್.

ನೀರು ಬಿಸಿಯಾದರೆ ಬೇರಿಗೆ ಏನಾಗುತ್ತೆ?

ಬೇರೂ ಉಸಿರಾಡುತ್ತೆ. ಮಣ್ಣಿನಲ್ಲಿ ಕಣಗಳ ನಡುವಿನ ಗಾಳಿ ಅದಕ್ಕೆ ಸಿಗುತ್ತೆ, ಹೈಡ್ರೋಪೋನಿಕ್ಸ್‌ನಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವೇ ಹೆಚ್ಚಿನ ಆಸರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ನಮ್ಮ ಕಡೆ 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತೆ. 30 ಡಿಗ್ರಿಗೆ ಹೋದರೆ ಅದು ಸುಮಾರು 6.8ಕ್ಕೆ ಇಳಿಯುತ್ತೆ. ಅದೇ ಹೊತ್ತಿಗೆ ಬಿಸಿಗೆ ಬೇರಿನ ಉಸಿರಾಟ ಜೋರಾಗುತ್ತೆ. ಒಂದು ಕಡೆ ಆದಾಯ ಕಡಿಮೆ, ಇನ್ನೊಂದು ಕಡೆ ಖರ್ಚು ಜಾಸ್ತಿ. ಸೊರಗಿದ ಬೇರಿಗೆ ಪಿಥಿಯಂ ಅನ್ನೋ ಕೊಳೆ ರೋಗ ಸುಲಭವಾಗಿ ಅಂಟಿಕೊಳ್ಳುತ್ತೆ.

ಲೆಟ್ಯೂಸಿಗೆ ಬೇರಿನ ಹತ್ತಿರ 18ರಿಂದ 22 ಡಿಗ್ರಿ ಇದ್ದರೆ ಚೆನ್ನ. ಒಳ್ಳೆ ಸುದ್ದಿ ಏನಂದರೆ, ಇಡೀ ಪಾಲಿಹೌಸನ್ನು ಏಸಿ ಕೋಣೆ ಮಾಡಬೇಕಾಗಿಲ್ಲ. ಸಿಂಗಪುರದಂಥ ಸೆಕೆಯ ಜಾಗದಲ್ಲೂ ಮೇಲಿನ ಗಾಳಿಯನ್ನು ಹಾಗೇ ಬಿಟ್ಟು, ಬೇರಿನ ಭಾಗವನ್ನು ಮಾತ್ರ 20 ಡಿಗ್ರಿ ಆಸುಪಾಸು ತಂಪಾಗಿಟ್ಟು ಲೆಟ್ಯೂಸ್ ಬೆಳೆದು ತೋರಿಸಿದ್ದಾರೆ. ನಮ್ಮ ಕೋಲಾರದಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೂ ರಾತ್ರಿ 21–22ಕ್ಕೆ ಇಳಿಯುತ್ತೆ. ಇದು ನಮಗಿರುವ ದೊಡ್ಡ ಅನುಕೂಲ. ಇದನ್ನು ಹೇಗೆ ಬಳಸಿಕೊಳ್ಳೋದು ಅಂತ ಮುಂದೆ ನೋಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ

ಲೆಕ್ಕ ಅರ್ಥ ಆಗಲಿ ಅಂತ ಒಂದು ಘಟಕ ಇಟ್ಟುಕೊಳ್ಳೋಣ. ಐದು ಗುಂಟೆ ಪಾಲಿಹೌಸ್. ಎನ್‌ಎಫ್‌ಟಿ ಪದ್ಧತಿ, ಅಂದರೆ ಇಳಿಜಾರಾಗಿ ಇಟ್ಟ ಚಾನಲ್‌ಗಳಲ್ಲಿ ತೆಳ್ಳಗೆ ನೀರು ಹರಿಯುತ್ತಾ ವಾಪಸ್ ಟ್ಯಾಂಕಿಗೆ ಬರುತ್ತೆ. 40 ಚಾನಲ್. ನೆಲದಲ್ಲಿ ಹೂತ ಸಂಪಿನಂಥ ಟ್ಯಾಂಕು. ಟ್ಯಾಂಕು, ಪೈಪು, ಚಾನಲ್ ಎಲ್ಲಾ ಸೇರಿ 2000 ಲೀಟರ್ ನೀರು. ನಿಮ್ಮ ಅಳತೆ ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಮಾತ್ರ ಇದೇ.

ಪಂಪು: ಮೊದಲು ಹರಿವು, ಆಮೇಲೆ ಹೆಡ್, ಕೊನೆಗೆ ಎಚ್‌ಪಿ

ಹರಿವು: ಎನ್‌ಎಫ್‌ಟಿಯಲ್ಲಿ ಒಂದು ಚಾನಲ್‌ಗೆ ನಿಮಿಷಕ್ಕೆ 1ರಿಂದ 2 ಲೀಟರ್ ನೀರು ಸಾಕು. ಒಂದೂವರೆ ಲೀಟರ್ ಅಂತ ಇಟ್ಟರೆ 40 ಚಾನಲ್‌ಗೆ ನಿಮಿಷಕ್ಕೆ 60 ಲೀಟರ್, ಗಂಟೆಗೆ 3600 ಲೀಟರ್. ಫಿಲ್ಟರ್ ಸ್ವಲ್ಪ ಕಟ್ಟಿಕೊಂಡರೂ ತೊಂದರೆ ಆಗದ ಹಾಗೆ ಕಾಲು ಭಾಗ ಸೇರಿಸಿ 4500 ಲೀಟರ್ ಅಂದುಕೊಳ್ಳಿ.

ಹೆಡ್: ಟ್ಯಾಂಕಿನ ನೀರಿನ ಮಟ್ಟದಿಂದ ಚಾನಲ್‌ನ ಎತ್ತರದ ತುದಿಯವರೆಗೆ ಟೇಪು ಹಿಡಿದು ಅಳೆಯಿರಿ. ನೀರು ಅತಿ ಕಡಿಮೆ ಇರುವಾಗಿನ ಮಟ್ಟದಿಂದಲೇ ಅಳೆಯಬೇಕು. ನಮ್ಮ ಉದಾಹರಣೆಯಲ್ಲಿ ಅದು 2 ಮೀಟರ್. ಇದರ ಮೇಲೆ ಪೈಪಿನೊಳಗಿನ ಘರ್ಷಣೆ ಸೇರುತ್ತೆ. ತುಂಬಾ ಜನ ಸೋಲೋದು ಇಲ್ಲೇ. ಗಂಟೆಗೆ 4500 ಲೀಟರ್ ನೀರು 40 ಮೀಟರ್ ಉದ್ದದ ಪಿವಿಸಿ ಪೈಪಿನಲ್ಲಿ ಹೋಗುವಾಗ ಆಗುವ ನಷ್ಟ ನೋಡಿ:

32 ಎಂಎಂ ಪೈಪು: ಸುಮಾರು 6 ಮೀಟರ್
40 ಎಂಎಂ ಪೈಪು: ಸುಮಾರು 1.7 ಮೀಟರ್
50 ಎಂಎಂ ಪೈಪು: ಸುಮಾರು ಅರ್ಧ ಮೀಟರ್

ಅಂದರೆ 32 ಎಂಎಂ ಹಾಕಿದರೆ ನೀರು ಎತ್ತೋಕೆ ಬೇಕಾದ್ದಕ್ಕಿಂತ ಮೂರು ಪಟ್ಟು ಶಕ್ತಿ ಪೈಪಿಗೆ ಉಜ್ಜಿಕೊಂಡೇ ಹೋಗುತ್ತೆ. ಪೈಪಿಗೆ ಒಂದು ಸಲ ಸ್ವಲ್ಪ ಹೆಚ್ಚು ಖರ್ಚು ಮಾಡಿದರೆ ಕರೆಂಟು ಪ್ರತಿ ದಿನ ಉಳಿಯುತ್ತೆ. 50 ಎಂಎಂ ಪೈಪಿಗೆ ಅರ್ಧ ಮೀಟರ್, ಎಲ್ಬೋ ಮತ್ತು ವಾಲ್ವ್‌ಗಳಿಗೆ ಅರ್ಧ ಮೀಟರ್, ಡಿಸ್ಕ್ ಫಿಲ್ಟರಿಗೆ 2 ಮೀಟರ್, ಚಾನಲ್‌ಗೆ ನೀರು ಬಿಡುವ ಸಣ್ಣ ಟ್ಯೂಬ್‌ಗಳಿಗೆ 1 ಮೀಟರ್. ಎತ್ತರದ 2 ಮೀಟರ್ ಕೂಡಿಸಿದರೆ ಒಟ್ಟು 6 ಮೀಟರ್.

ಈಗ ಅಂಗಡಿಗೆ ಹೋಗಿ ಕೇಳಬೇಕಾದ ಪ್ರಶ್ನೆ ಇಷ್ಟೇ: "6 ಮೀಟರ್ ಹೆಡ್‌ನಲ್ಲಿ ಗಂಟೆಗೆ 4500 ಲೀಟರ್ ಕೊಡೋ ಪಂಪು ಬೇಕು. ಆ ಹೆಡ್‌ನಲ್ಲಿ ಅದು ಎಷ್ಟು ವ್ಯಾಟ್ ಎಳೆಯುತ್ತೆ?" ಪೆಟ್ಟಿಗೆ ಮೇಲೆ ಬರೆದಿರುವ ಗರಿಷ್ಠ ಹೆಡ್, ಗರಿಷ್ಠ ಹರಿವು ಎರಡೂ ಒಟ್ಟಿಗೆ ಸಿಗೋದಿಲ್ಲ. ಗರಿಷ್ಠ ಹೆಡ್‌ನಲ್ಲಿ ಹರಿವು ಸೊನ್ನೆ. ಗರಿಷ್ಠ ಹರಿವು ಬರೋದು ಹೆಡ್ ಇಲ್ಲದಿದ್ದಾಗ. ನಡುವೆ ಎಲ್ಲಿ ಎಷ್ಟು ಅಂತ ತಿಳಿಯೋಕೆ ಆ ಪಂಪಿನ ಹೆಡ್–ಡಿಸ್ಚಾರ್ಜ್ ಪಟ್ಟಿಯನ್ನು ವಾಟ್ಸ್ಆಪ್‌ನಲ್ಲಿ ಕಳಿಸಿ ಅಂತ ಕೇಳಿ. ಏರ್ ಕೂಲರ್‌ಗೆ ಹಾಕುವ ಪುಟ್ಟ ಪಂಪು ಎರಡು ಮೀಟರ್ ಏರಿಸೋಕೇ ಏದುಸಿರು ಬಿಡುತ್ತೆ, ಅದು ಇಲ್ಲಿಗೆ ಆಗೋದಿಲ್ಲ.

ಸರಿಯಾಗಿ ಆರಿಸಿದರೆ ಈ ಕೆಲಸಕ್ಕೆ 250 ವ್ಯಾಟ್ ಆಸುಪಾಸು ಎಳೆಯುವ ಪಂಪು ಸಾಕು. ಅರ್ಧ ಎಚ್‌ಪಿ ಒಳಗೇ ಮುಗಿಯುತ್ತೆ. ಅದು ದಿನಕ್ಕೆ 6 ಯೂನಿಟ್. 1 ಎಚ್‌ಪಿ ಪಂಪು ತಂದು ವಾಲ್ವ್ ತಿರುಗಿಸಿ ಹರಿವು ಕಡಿಮೆ ಮಾಡಿದರೆ ಸುಮಾರು 1000 ವ್ಯಾಟ್, ದಿನಕ್ಕೆ 24 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ದಿನಕ್ಕೆ 126 ರೂಪಾಯಿ, ತಿಂಗಳಿಗೆ 3,700 ರೂಪಾಯಿಗೂ ಮೇಲೆ ವ್ಯರ್ಥ.

ವ್ಯರ್ಥ ಆದ ಆ ಕರೆಂಟು ಎಲ್ಲಿಗೆ ಹೋಗುತ್ತೆ? ಸಬ್‌ಮರ್ಸಿಬಲ್ ಪಂಪು ಆದರೆ ಶಾಖವಾಗಿ ನೇರ ನೀರಿಗೇ ಹೋಗುತ್ತೆ. 2000 ಲೀಟರ್ ನೀರಿನಲ್ಲಿ 1000 ವ್ಯಾಟ್ ಪಂಪು ಒಂದು ದಿನ ಓಡಿದರೆ, ಆ ಶಾಖ ಎಲ್ಲೂ ಹೊರಗೆ ಹೋಗದಿದ್ದಲ್ಲಿ, ನೀರು 10 ಡಿಗ್ರಿ ಏರುತ್ತೆ. 250 ವ್ಯಾಟ್ ಆದರೆ ಎರಡೂವರೆ ಡಿಗ್ರಿ. ದೊಡ್ಡ ಪಂಪು ಹಾಕೋದೂ ಒಂದೇ, ಟ್ಯಾಂಕಿಗೆ ವಾಟರ್ ಹೀಟರ್ ಇಳಿಸೋದೂ ಒಂದೇ. ಟ್ಯಾಂಕಿನ ಹೊರಗೆ ಇಡುವ ಮೋನೋಬ್ಲಾಕ್ ಪಂಪಿನಲ್ಲಿ ಮೋಟರ್ ಬಿಸಿ ಗಾಳಿಗೆ ಹೋಗುತ್ತೆ, ನೀರಿಗೆ ಸೇರೋದು ಸ್ವಲ್ಪ ಮಾತ್ರ. ಆದರೆ ಅದನ್ನು ಟ್ಯಾಂಕಿನ ನೀರಿಗಿಂತ ಕೆಳ ಮಟ್ಟದಲ್ಲಿ ಇಟ್ಟರೆ ಗಾಳಿ ಹಿಡಿಯುವ ಕಾಟ ಇರೋದಿಲ್ಲ.

ಹಾಕಿದ ಮೇಲೆ ಬಕೆಟ್ ಪರೀಕ್ಷೆ ಮಾಡಿ. ಚಾನಲ್‌ಗಳ ತುದಿಯಿಂದ ವಾಪಸ್ ಬರುವ ಪೈಪಿಗೆ 15 ಲೀಟರ್ ಬಕೆಟ್ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. 12 ಸೆಕೆಂಡಿಗೆ ತುಂಬಿದರೆ ಗಂಟೆಗೆ 4500 ಲೀಟರ್, 15 ಸೆಕೆಂಡಿಗೆ ತುಂಬಿದರೆ 3600. ತಿಂಗಳಿಗೊಮ್ಮೆ ಇದನ್ನೇ ಮಾಡಿದರೆ ಫಿಲ್ಟರ್ ಕಟ್ಟಿದ್ದು, ಇಂಪೆಲ್ಲರಿಗೆ ಉಪ್ಪು ಹಿಡಿದದ್ದು ಮುಂಚೆಯೇ ಗೊತ್ತಾಗುತ್ತೆ.

ಚಿಲ್ಲರ್: ಒಂದೇ ಸೂತ್ರ ನೆನಪಿಡಿ

ಒಂದು ಲೀಟರ್ ನೀರು ಗಂಟೆಗೆ ಒಂದು ಡಿಗ್ರಿ ಏರುತ್ತಿದ್ದರೆ ಅದರೊಳಗೆ 1.163 ವ್ಯಾಟ್ ಶಾಖ ಬರುತ್ತಿದೆ ಅಂತ ಅರ್ಥ. ಹಾಗಾಗಿ:

ಒಟ್ಟು ಲೀಟರ್ × ಗಂಟೆಗೆ ಏರುವ ಡಿಗ್ರಿ × 1.163 = ಬೇಕಾದ ತಂಪು, ವ್ಯಾಟ್‌ಗಳಲ್ಲಿ

ಅಳೆಯುವ ರೀತಿ ಹೀಗೆ. ನೀರಿಗೆ ಇಳಿಸಬಹುದಾದ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಮೊದಲು ಅದನ್ನು ಪುಡಿ ಐಸ್ ತುಂಬಿದ ನೀರಿನಲ್ಲಿ ಅದ್ದಿ, ಸೊನ್ನೆ ಡಿಗ್ರಿ ತೋರಿಸುತ್ತಾ ಅಂತ ನೋಡಿ. ಬೇಸಿಗೆಯ ಮೂರು ಬಿಸಿಲಿನ ದಿನ, ಪಂಪು ಓಡುತ್ತಿರುವಾಗಲೇ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಟ್ಯಾಂಕಿನ ನೀರಿನ ಉಷ್ಣಾಂಶ ಬರೆದುಕೊಳ್ಳಿ. ಮೊಬೈಲಿನಲ್ಲಿ ಅಲಾರಂ ಇಟ್ಟರೆ ಮರೆಯೋದಿಲ್ಲ. ಯಾವ ಗಂಟೆಯಲ್ಲಿ ಅತಿ ಜೋರಾಗಿ ಏರಿತೋ ಅದನ್ನೇ ಲೆಕ್ಕಕ್ಕೆ ತಗೊಳ್ಳಿ. ದಿನದ ಸರಾಸರಿ ತಗೊಂಡರೆ ಮೋಸ ಹೋಗ್ತೀರಿ. ನೀರು ಬಿಸಿಯಾದ ಮೇಲೆ ಏರಿಕೆ ತಾನಾಗೇ ನಿಧಾನ ಆಗುತ್ತೆ, ಆದರೆ ಚಿಲ್ಲರ್ ನೀರನ್ನು ತಣ್ಣಗೇ ಇಟ್ಟಾಗ ಹೊರಗಿನ ಬಿಸಿ ಜೋರಾಗಿಯೇ ನುಗ್ಗುತ್ತಾ ಇರುತ್ತೆ.

ನಮ್ಮ 2000 ಲೀಟರ್ ನೀರು ಗಂಟೆಗೆ ಒಂದೂವರೆ ಡಿಗ್ರಿ ಏರುತ್ತೆ ಅನ್ನಿ. 2000 × 1.5 × 1.163 = 3489 ವ್ಯಾಟ್. ಒಂದು ಟನ್ ತಂಪು ಅಂದರೆ 3517 ವ್ಯಾಟ್, ಅಥವಾ ಗಂಟೆಗೆ 12,000 ಬಿಟಿಯು. ಅಲ್ಲಿಗೆ ಪೂರ್ತಿ ಒಂದು ಟನ್ ಚಿಲ್ಲರ್ ಬೇಕು, ಮೇಲೆ ಕಾಲು ಭಾಗ ಹೆಚ್ಚುವರಿ ಇರಬೇಕು. ಅದು ಓಡುವಾಗ 1400 ವ್ಯಾಟ್ ಆಸುಪಾಸು ಕರೆಂಟು ಎಳೆಯುತ್ತೆ.

ಕೊಳ್ಳುವ ಮುಂಚೆ ಬಿಸಿಯನ್ನು ಬಾಗಿಲಲ್ಲೇ ತಡೆಯಿರಿ

ಅಷ್ಟು ದೊಡ್ಡ ಚಿಲ್ಲರ್ ತರುವ ಬದಲು, ಆ ಒಂದೂವರೆ ಡಿಗ್ರಿಯನ್ನು ಅರ್ಧ ಡಿಗ್ರಿಗೆ ಇಳಿಸೋಕೆ ಆಗುತ್ತಾ ನೋಡಿ. ಬಿಸಿ ಹೆಚ್ಚಾಗಿ ಬರೋದು ಟ್ಯಾಂಕಿನಿಂದ ಅಲ್ಲ. ಬಿಸಿಲಿಗೆ ಮೈಯೊಡ್ಡಿದ ಚಾನಲ್ ಮತ್ತು ಪೈಪುಗಳಿಂದ. ಅಲ್ಲಿ ನೀರು ತೆಳ್ಳಗೆ ಹರಡಿಕೊಂಡಿರುತ್ತೆ.

ಮಾಡಬೇಕಾದ್ದು ಇಷ್ಟು. ಬೇಸಿಗೆಯಲ್ಲಿ ಚಾನಲ್ ಮೇಲೆ ಬಿಳಿ ಅಥವಾ ಬೆಳ್ಳಿ ಬಣ್ಣದ ನೆರಳು ಪರದೆ ಎಳೆಯಿರಿ. ಚಾನಲ್ ಬಿಳಿ ಬಣ್ಣದ್ದೇ ಇರಲಿ. ವಾಪಸ್ ಬರುವ ಪೈಪನ್ನು ನೆಲದಲ್ಲಿ ಹೂಳಿ, ಮೇಲೆ ಉಳಿದ ಪೈಪಿಗೆ ಫೋಮ್ ಸುತ್ತಿ. ಕಪ್ಪು ಪೈಪು, ಕಪ್ಪು ಟ್ಯಾಂಕು ಬಿಸಿಲಿಗೆ ಬೇಡ. ಟ್ಯಾಂಕು ನೆಲದೊಳಗೆ ಇದ್ದರೆ ಒಳ್ಳೇದು, ಹೊರಗಿದ್ದರೆ ಥರ್ಮೋಕೋಲ್ ಹೊದಿಸಿ ಬಿಗಿ ಮುಚ್ಚಳ ಹಾಕಿ. ಪಂಪು ಮೇಲೆ ಹೇಳಿದ ಹಾಗೆ ಚಿಕ್ಕದು ಮಾಡಿ. ಆಮೇಲೆ ಮತ್ತೆ ಮೂರು ದಿನ ಅಳೆಯಿರಿ. ಅರ್ಧ ಡಿಗ್ರಿಗೆ ಇಳಿದರೆ 2000 × 0.5 × 1.163 = 1163 ವ್ಯಾಟ್. ಒಂದು ಟನ್ ಬೇಕಿದ್ದ ಜಾಗದಲ್ಲಿ ಟನ್ನಿನ ಮೂರನೇ ಒಂದು ಭಾಗ ಸಾಕು. ಕರೆಂಟು 1400 ವ್ಯಾಟ್ ಬದಲು 500 ವ್ಯಾಟ್ ಒಳಗೆ.

ಮಡಕೆ ನೀರು ಯಾಕೆ ತಣ್ಣಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.68 ಯೂನಿಟ್‌ನಷ್ಟು ಶಾಖ ಎತ್ತಿಕೊಂಡು ಹೋಗುತ್ತೆ. ನಮ್ಮ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಗೊಬ್ಬರ ಕರಗಿಸಿದ ನೀರನ್ನೇ ಆವಿಯಾಗಲು ಬಿಟ್ಟರೆ ಉಪ್ಪು ಹಿಂದೆ ಉಳಿದು ಇಸಿ ಏರುತ್ತೆ. ಅದರ ಬದಲು ಪಾಲಿಹೌಸ್ ಗೋಡೆಯ ಪ್ಯಾಡು ಅಥವಾ ಟ್ಯಾಂಕಿನ ಹೊರಮೈಗೆ ಸುತ್ತಿದ ಗೋಣಿ ತಾಟನ್ನು ಬೇರೆ ನೀರಿನಿಂದ ಒದ್ದೆ ಮಾಡಿ. ಗೋಣಿ ಸುತ್ತುವ ಟ್ಯಾಂಕಿಗೆ ಥರ್ಮೋಕೋಲ್ ಬೇಡ, ನೆರಳು ಮಾತ್ರ ಕಡ್ಡಾಯ.

ಚಿಲ್ಲರ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಒಂದು, ತಂಪು ಎಷ್ಟು ವ್ಯಾಟ್? ಚಿಲ್ಲರ್ ಮೇಲೆ ಬರೆದ ಅರ್ಧ ಎಚ್‌ಪಿ, 1 ಎಚ್‌ಪಿ ಅನ್ನೋದು ಕಂಪ್ರೆಸರಿನ ಗಾತ್ರ, ತಂಪಿನ ಅಳತೆ ಅಲ್ಲ. ಹೊರಗೆ 35 ಡಿಗ್ರಿ ಇರುವಾಗ, ನೀರು 20–22 ಡಿಗ್ರಿ ಇರುವಾಗ ಎಷ್ಟು ವ್ಯಾಟ್ ತಂಪು ಕೊಡುತ್ತೆ ಅಂತಲೇ ಕೇಳಿ.

ಎರಡು, ಒಳಗಿನ ಕಾಯಿಲ್ ಯಾವ ಲೋಹದ್ದು? ಇಲ್ಲಿ ನಮಗೆ ಸಮುದ್ರದ ಮೀನು ಸಾಕುವವರ ಅನುಭವ ಉಪಯೋಗಕ್ಕೆ ಬರುತ್ತೆ. ಮನೆಯಲ್ಲಿ ಉಪ್ಪು ನೀರಿನ ಅಕ್ವೇರಿಯಂ ಇಟ್ಟವರು ಟೈಟಾನಿಯಂ ಕಾಯಿಲ್ ಇರುವ ಚಿಲ್ಲರನ್ನೇ ಹಾಕ್ತಾರೆ, ಯಾಕಂದರೆ ಉಪ್ಪು ತಾಮ್ರವನ್ನು ತಿನ್ನುತ್ತೆ, ಕರಗಿದ ತಾಮ್ರ ಜೀವಿಗಳನ್ನು ಕೊಲ್ಲುತ್ತೆ. ನಮ್ಮ ಗೊಬ್ಬರದ ನೀರು ಸಮುದ್ರದಷ್ಟು ಉಪ್ಪಲ್ಲ, ಆದರೆ ಪಿಎಚ್ 5.5ರಿಂದ 6.5ರ ಹುಳಿ ನೀರು. ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಕಬ್ಬಿಣ ಯಾವುದೂ ಬೇಡ. ಚಿಲ್ಲರ್‌ಗೆ ಟೈಟಾನಿಯಂ, ಪಂಪಿಗೆ ಪ್ಲಾಸ್ಟಿಕ್ ಅಥವಾ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಇಂಪೆಲ್ಲರ್. ಎಣ್ಣೆ ತುಂಬಿದ ಸಬ್‌ಮರ್ಸಿಬಲ್ ಬೇಡ, ಸೀಲ್ ಹೋದರೆ ಎಣ್ಣೆ ಟ್ಯಾಂಕಿಗೆ ಸೇರುತ್ತೆ.

ಮೂರು, ಚಿಲ್ಲರ್ ಮೂಲಕ ಗಂಟೆಗೆ ಎಷ್ಟು ಲೀಟರ್ ಹರಿಯಬೇಕು? ಪ್ರತಿ ಮಾಡೆಲ್‌ಗೆ ಕನಿಷ್ಠ, ಗರಿಷ್ಠ ಇರುತ್ತೆ. ಬೆಳೆಗೆ ನೀರು ಕೊಡುವ ಮುಖ್ಯ ಲೈನಿಗೇ ಚಿಲ್ಲರ್ ಸಿಕ್ಕಿಸಬೇಡಿ. ಅದಕ್ಕೊಂದು ಸಣ್ಣ ಪಂಪು ಬೇರೆ ಇಟ್ಟು, ಟ್ಯಾಂಕಿನಿಂದ ಟ್ಯಾಂಕಿಗೇ ಸುತ್ತಿಸಿ. ಚಿಲ್ಲರ್ ಕೆಟ್ಟು ರಿಪೇರಿಗೆ ಬಿಚ್ಚಿದರೂ ಗಿಡಗಳಿಗೆ ನೀರು ನಿಲ್ಲೋದಿಲ್ಲ. ತಣ್ಣೀರು ಬೀಳುವ ಜಾಗ ಚಿಲ್ಲರ್ ಪಂಪು ನೀರು ಎಳೆಯುವ ಜಾಗದಿಂದ ದೂರ ಇರಲಿ.

ನಾಲ್ಕು, ನೀರು ನಿಂತರೆ ಚಿಲ್ಲರನ್ನು ತಾನೇ ನಿಲ್ಲಿಸುವ ಫ್ಲೋ ಸ್ವಿಚ್ ಇದೆಯಾ? ಇಲ್ಲದಿದ್ದರೆ ಒಳಗೆ ನೀರು ಹೆಪ್ಪುಗಟ್ಟಿ ಕಾಯಿಲ್ ಒಡೆಯಬಹುದು.

ಐದು, ರಿಪೇರಿ ಯಾರು ಮಾಡ್ತಾರೆ? ನಿಮ್ಮೂರಿನ ಹಾಲಿನ ಡೇರಿಯಲ್ಲಿ ಬಲ್ಕ್ ಮಿಲ್ಕ್ ಕೂಲರ್ ಇದ್ದರೆ, ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಹತ್ತಿರ ಮಾತಾಡಿ. ಕಂಪ್ರೆಸರ್, ಗ್ಯಾಸ್, ಫ್ಯಾನ್ ಎಲ್ಲಾ ಅದೇ ತತ್ವ.

ಚಿಲ್ಲರನ್ನು ಪಾಲಿಹೌಸ್ ಒಳಗೆ ಅಥವಾ ಮುಚ್ಚಿದ ಪಂಪ್‌ಮನೆಯಲ್ಲಿ ಇಡಬೇಡಿ. ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸುಸ್ತಾಗುತ್ತೆ. ಹೊರಗೆ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ.

ತಂದ ಮೇಲೆ ಅಂಗಡಿಯವರ ಮಾತು ನಿಜವಾ ಅಂತ ಅದೇ ಸೂತ್ರದಿಂದ ಪರೀಕ್ಷೆ ಮಾಡಿ. ಚಿಲ್ಲರ್ ಮೂಲಕ ಗಂಟೆಗೆ ಹರಿಯುವ ಲೀಟರ್ × ಒಳಹೋಗುವ ಮತ್ತು ಹೊರಬರುವ ನೀರಿನ ಡಿಗ್ರಿ ವ್ಯತ್ಯಾಸ × 1.163. ಗಂಟೆಗೆ 1000 ಲೀಟರ್ ಹರಿದು 1 ಡಿಗ್ರಿ ಮಾತ್ರ ಇಳಿದರೆ ಅದು 1163 ವ್ಯಾಟ್ ಚಿಲ್ಲರ್, ಪೆಟ್ಟಿಗೆ ಮೇಲೆ ಏನೇ ಬರೆದಿರಲಿ. ಬಿಲ್ ಪೂರ್ತಿ ಕಟ್ಟುವ ಮುಂಚೆ ಮಧ್ಯಾಹ್ನ 2 ಗಂಟೆಗೆ ಈ ಪರೀಕ್ಷೆ ಮಾಡಿ.

ರಾತ್ರಿಯ ತಂಪನ್ನು ಬಳಸಿಕೊಳ್ಳಿ

ಹೊರಗೆ ತಂಪಿರುವಾಗ ಚಿಲ್ಲರ್ ಕಡಿಮೆ ಕರೆಂಟಿಗೆ ಹೆಚ್ಚು ಕೆಲಸ ಮಾಡುತ್ತೆ. ರಾತ್ರಿ ಮತ್ತು ನಸುಕಿನಲ್ಲಿ ಓಡಿಸಿ ಬೆಳಿಗ್ಗೆ ಹೊತ್ತಿಗೆ ನೀರನ್ನು 19 ಡಿಗ್ರಿಗೆ ತನ್ನಿ. ಗಂಟೆಗೆ ಅರ್ಧ ಡಿಗ್ರಿ ಏರಿದರೂ ಎಂಟು ಗಂಟೆಗೆ 23. ಆ ಹೊತ್ತಿಗೆ ಬಿಸಿಲು ಇಳಿದಿರುತ್ತೆ. ಮಧ್ಯಾಹ್ನ ಕರೆಂಟು ಹೋದರೂ ಗಾಬರಿ ಬೇಡ. 18ಕ್ಕೇ ಇಳಿಸಬೇಕು ಅಂತ ಹಟ ಬೇಡ, ಒಂದೊಂದು ಡಿಗ್ರಿಗೂ ದುಡ್ಡು.

ಕರೆಂಟು ಹೋದಾಗ

ಬೇಸಿಗೆಯಲ್ಲಿ ಎನ್‌ಎಫ್‌ಟಿ ಚಾನಲ್‌ಗೆ ನೀರು ನಿಂತರೆ ಮಟಮಟ ಮಧ್ಯಾಹ್ನ ಒಂದು ಗಂಟೆ ಒಳಗೇ ಗಿಡ ಬಾಡೋಕೆ ಶುರು ಆಗುತ್ತೆ. ಪಂಪ್‌ಸೆಟ್ ಲೈನಿನ ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಆಸುಪಾಸು, ಅದನ್ನು ನಂಬಿ ಈ ಬೆಳೆ ಮಾಡೋಕಾಗಲ್ಲ. ಸಿಂಗಲ್ ಫೇಸ್ ಪಂಪು, ಜೊತೆಗೆ ಇನ್ವರ್ಟರ್ ಇರಲೇಬೇಕು. ಹೈಡ್ರೋಪೋನಿಕ್ಸ್ ಘಟಕಕ್ಕೆ ಯಾವ ದರದಲ್ಲಿ ಸಂಪರ್ಕ ಕೊಡ್ತಾರೆ ಅಂತ ಬೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

12 ವೋಲ್ಟ್, 150 ಎಎಚ್ ಬ್ಯಾಟರಿಯಿಂದ ನಷ್ಟ ಎಲ್ಲಾ ಕಳೆದು ಸುಮಾರು ಒಂದು ಯೂನಿಟ್ ಸಿಗುತ್ತೆ. 250 ವ್ಯಾಟ್ ಪಂಪು ಅದರಲ್ಲಿ ನಾಲ್ಕು ಗಂಟೆ ಓಡುತ್ತೆ. 1000 ವ್ಯಾಟ್ ಪಂಪು ಒಂದು ಗಂಟೆಯೂ ಓಡೋದಿಲ್ಲ. ಚಿಕ್ಕ ಪಂಪಿನ ಇನ್ನೊಂದು ಲಾಭ ಇದು. ಶುರುವಾಗುವಾಗ ಮೋಟರ್ ಮೂರ್ನಾಲ್ಕು ಪಟ್ಟು ಹೆಚ್ಚು ಎಳೆಯೋದರಿಂದ ಇನ್ವರ್ಟರ್ 1ರಿಂದ 1.5 ಕೆವಿಎ ಇರಲಿ. ಚಿಲ್ಲರನ್ನು ಇನ್ವರ್ಟರಿಗೆ ಹಾಕಬೇಡಿ. ಕರೆಂಟು ವಾಪಸ್ ಬಂದ ತಕ್ಷಣ ಕಂಪ್ರೆಸರ್ ಶುರುವಾಗದೆ ಮೂರು ನಿಮಿಷ ಕಾಯುವ ಟೈಮರ್ ಮತ್ತು ಸ್ಟೆಬಿಲೈಸರ್ ಹಾಕಿಸಿ. ಅದೇ ಮಾಡೆಲ್‌ನ ಇನ್ನೊಂದು ಪಂಪು ಮನೆಯಲ್ಲಿ ತಯಾರಿರಲಿ.

ಪಂಪು ನಿಂತಾಗ ಚಾನಲ್ ನೀರೆಲ್ಲಾ ಟ್ಯಾಂಕಿಗೆ ಬಂದು ಉಕ್ಕುತ್ತಾ ಅಂತಲೂ ಒಮ್ಮೆ ಸ್ವಿಚ್ ಆಫ್ ಮಾಡಿ ನೋಡಿ. ಟ್ಯಾಂಕಿನಲ್ಲಿ ಅಷ್ಟು ಜಾಗ ಖಾಲಿ ಇರಬೇಕು.

ಇವೆಲ್ಲಕ್ಕಿಂತ ಮುಖ್ಯ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್. ಗೊಬ್ಬರದ ನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತೆ. ಒದ್ದೆ ಕೈ, ಬರಿಗಾಲು, ಚಾನಲ್ ತೊಳೆಯುವ ಹೆಣ್ಣುಮಕ್ಕಳು – ಇಲ್ಲಿ ಉಳಿತಾಯ ಮಾಡೋ ಮಾತೇ ಬೇಡ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ.

ನಮ್ಮ ನೀರಿನ ಗುಣ

ಆಳದ ಬೋರ್‌ವೆಲ್ ನೀರು ಮೇಲೆ ಬರುವಾಗಲೇ ಬೆಚ್ಚಗಿರುತ್ತೆ, ಹಲವು ಕಡೆ ಗಡುಸೂ ಹೌದು. ಅದನ್ನು ನೇರ ಟ್ಯಾಂಕಿಗೆ ಬಿಟ್ಟರೆ ಚಿಲ್ಲರ್‌ಗೆ ಹೊರೆ, ಪಿಎಚ್ ಏರುತ್ತೆ, ಪಂಪಿಗೆ ಬಿಳಿ ಉಪ್ಪು ಕಟ್ಟುತ್ತೆ. ಹಿಂದಿನ ದಿನ ನೆರಳಿನ ತೊಟ್ಟಿಯಲ್ಲಿ ತುಂಬಿ, ರಾತ್ರಿ ಆರಿಸಿ, ನಸುಕಿನಲ್ಲಿ ಟ್ಯಾಂಕಿಗೆ ಬಿಡಿ. ಪಾಲಿಹೌಸ್ ಚಾವಣಿಯ ಮಳೆನೀರು ಇದಕ್ಕಿಂತ ಎಷ್ಟೋ ಮೇಲು. ಐದು ಗುಂಟೆ ಚಾವಣಿ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಮೂರೂವರೆ ಲಕ್ಷ ಲೀಟರ್. ಮುಚ್ಚಿದ ಹೊಂಡ ಇದ್ದರೆ ಬೇಸಿಗೆಗೂ ಉಳಿಯುತ್ತೆ. ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಯೇ ಗೊಬ್ಬರದ ಲೆಕ್ಕ ಹಾಕಿ. ಎಲ್ಲಿ ಮಾಡಿಸೋದು ಅಂತ ತಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಚಿಲ್ಲರ್ ಬೇಕೇ ಬೇಡವೇ?

ಮೂರು ದಿನ ಅಳೆದ ಮೇಲೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತೆ. ಮಧ್ಯಾಹ್ನದ ನೀರು 25 ಡಿಗ್ರಿ ದಾಟದಿದ್ದರೆ ಚಿಲ್ಲರ್ ಬೇಡ. 25ರಿಂದ 28 ಇದ್ದರೆ ಮೊದಲು ನೆರಳು, ಫೋಮ್, ಚಿಕ್ಕ ಪಂಪು, ಜೊತೆಗೆ ಟ್ಯಾಂಕಿಗೆ ಏರ್ ಪಂಪು ಹಾಕಿ ನೋಡಿ. ಇದೆಲ್ಲಾ ಮಾಡಿದ ಮೇಲೂ 28 ದಾಟುತ್ತಿದ್ದರೆ ಎರಡು ದಾರಿ. ಬೇಸಿಗೆಯಲ್ಲೂ ಲೆಟ್ಯೂಸಿಗೆ ಒಳ್ಳೆ ದರ ಕೊಟ್ಟು ಕೊಳ್ಳುವವರು ಗಟ್ಟಿಯಾಗಿ ಇದ್ದರೆ ಚಿಲ್ಲರ್ ತನ್ನಿ. ಇಲ್ಲದಿದ್ದರೆ ಮಾರ್ಚ್‌ನಿಂದ ಮೇವರೆಗೆ ಬಿಸಿ ತಾಳುವ ಬೇಸಿಲ್ ಹಾಕಿ, ಜೂನ್ ಮಳೆ ಶುರುವಾದ ಮೇಲೆ ಲೆಟ್ಯೂಸಿಗೆ ವಾಪಸ್ ಬನ್ನಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರಿಗೆ ಬೆಂಗಳೂರಿನ ದಾರಿ ಮಾಲೂರಿಗಿಂತ ದೂರ. ಸೊಪ್ಪು ಸಾಗಿಸುವ ಖರ್ಚನ್ನೂ ಸೇರಿಸಿಯೇ ಲೆಕ್ಕ ಮಾಡಿ. ಕೊಕೊಪೀಟ್‌ನಲ್ಲಿ ಡ್ರಿಪ್ ಮೂಲಕ ದೊಣ್ಣೆ ಮೆಣಸಿನಕಾಯಿ, ಟೊಮೇಟೊ ಬೆಳೆಯುವವರಿಗೆ ಸಾಮಾನ್ಯವಾಗಿ ಚಿಲ್ಲರ್ ಬೇಕಾಗೋದಿಲ್ಲ.

ಬಿಸಿಲು ಏರುವ ಮುಂಚೆ, ಫೆಬ್ರವರಿಯಲ್ಲೇ ಅಳತೆ ಶುರು ಮಾಡಿ. ನಿಮ್ಮ ಟ್ಯಾಂಕಿನ ಒಟ್ಟು ಲೀಟರ್, ಹೆಡ್ ಎಷ್ಟು ಮೀಟರ್, ಗಂಟೆಗೆ ಎಷ್ಟು ಡಿಗ್ರಿ ಏರುತ್ತೆ – ಈ ಮೂರು ಅಂಕಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ಆಗ ಯಾವ ಮಾಡೆಲ್ ಅಂತ ಹೇಳೋರು ನೀವಾಗಿರ್ತೀರಿ.